ಅರ್ಧಕ್ಕೆ ಮುಗಿಸಿದ ಗುಳಿಗೆ

ಭಾಲ್ಕಿಯಿಂದ ಔರಾದವರೆಗೆ ದನದ ಸಂತೆ ಕೂಡುವ ಊರುಗಳಲ್ಲೆಲ್ಲ ಮಡೆಪ್ಪನ ಬಲಗೈಗೆ ಮಡೆಪ್ಪನಿಗಿಂತ ಹೆಚ್ಚು ಮರ್ಯಾದೆ. ಉಳಿದ ಮಡೆಪ್ಪನಲ್ಲಿ ಹೇಳಿಕೊಳ್ಳುವಂಥದ್ದು ಕಡಿಮೆ. ಐವತ್ತು ದಾಟಿದ ಕುಳ್ಳ ಮನುಷ್ಯ, ಅಂಗಿಯ ಗುಂಡಿಗಳಿಗೆ ಕಷ್ಟ ಕೊಡುವ ಹೊಟ್ಟೆ, ಎರಡು ತುದಿಗಳೂ ಎರಡು ಪಕ್ಷಕ್ಕೆ ಸೇರಿದಂತಿರುವ ಮೀಸೆ. ಆದರೆ ಆ ಕೈ ಟವೆಲ್ಲಿನ ಕೆಳಗೆ ಹೋಯಿತೆಂದರೆ ದಂಡನಾಯಕನೊಬ್ಬ ಶತ್ರುವಿನ ಕೋಟೆ ಹೊಕ್ಕಂತೆ. ಸೋತು ಹೊರಗೆ ಬಂದದ್ದು ಯಾರಿಗೂ ನೆನಪಿಲ್ಲ.

ಎತ್ತಿನ ದರವನ್ನು ಈ ಸಂತೆಗಳಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ಮಾರುವವನ ಪರವಾಗಿ ದಲಾಲ ಕೈ ಚಾಚುತ್ತಾನೆ, ಕೊಳ್ಳುವವನೂ ಚಾಚುತ್ತಾನೆ, ಎರಡು ಕೈಗಳ ಮೇಲೂ ಒಂದು ಟವೆಲ್ ಬೀಳುತ್ತದೆ. ಒಳಗೆ ಎಷ್ಟು ಬೆರಳು ಹಿಡಿದು ಒತ್ತಿದರೋ ಅದೇ ದರ. ಸುತ್ತ ನಿಂತವರಿಗೆ ಕಾಣುವುದು ಟವೆಲ್ಲಿನ ಅಲುಗಾಟ ಮತ್ತು ಏನೂ ಗೊತ್ತಿಲ್ಲದಂತೆ ಆಕಾಶ ನೋಡುವ ಎರಡು ಮುಖ. ಈ ವ್ಯವಹಾರಕ್ಕೆ ಎರಡೇ ಕಟ್ಟಳೆ. ಒಂದು, ಮೊದಲು ಹೇಳಿದ ದರವನ್ನು ಯಾರೂ ನಂಬಬಾರದು, ಹೇಳಿದವನೂ ನಂಬಿರುವುದಿಲ್ಲ. ಎರಡು, ಮಾತು ಮುಗಿಯುವ ಮೊದಲು ಕೈ ಕಿತ್ತುಕೊಳ್ಳಬಾರದು. ಕಿತ್ತುಕೊಂಡರೆ ಎದುರಿನವನನ್ನು ಕಳ್ಳನೆಂದು ಇಡೀ ಸಂತೆಗೆ ಡಂಗುರ ಹೊಡೆದಂತೆ.

ಮಡೆಪ್ಪನ ಕೈಗೆ ಸರಿಜೋಡಿ ಖಾಜಾ ಮಿಯಾನ ಕೈ. ಮಿಯಾ ಎತ್ತುಗಳನ್ನು ಕೊಂಡು ಬೇರೆ ಊರಿನ ರೈತರಿಗೆ ಮುಟ್ಟಿಸುವ ವ್ಯಾಪಾರಿ. ಇಬ್ಬರೂ ಹುಡುಗರಾಗಿದ್ದಾಗಿನಿಂದ ಒಂದೇ ಟವೆಲ್ಲಿನ ಕೆಳಗೆ ಪರಸ್ಪರ ಸುಲಿದುಕೊಂಡು ಬೆಳೆದವರು. ಮಿಯಾ ಒಂದು ಸಂತೆಗೆ ಬರಲಿಲ್ಲವೆಂದರೆ ಮಡೆಪ್ಪನಿಗೆ ಊಟ ಸೇರುವುದಿಲ್ಲ.

ಇಂಥ ವೀರನ ಮೇಲೆ ಹೋದ ವರ್ಷ ಭಾಲ್ಕಿಯ ಸಂತೆಯಲ್ಲಿ ಒಂದು ದಾಳಿಯಾಯಿತು. ಚಹಾ ಕುಡಿಯುತ್ತ ನಿಂತವನ ಎದೆ ಇದ್ದಕ್ಕಿದ್ದಂತೆ ನಗಾರಿಯಾಯಿತು. ಅಂಗೈ ಬೆವೆತಿತು, ಉಸಿರು ಗಂಟಲಲ್ಲೇ ನಿಂತಿತು, ಎದುರಿಗಿದ್ದ ಎಮ್ಮೆ ದೂರ ದೂರ ಹೋದಂತೆ ಕಂಡಿತು. ಎಮ್ಮೆ ಇದ್ದಲ್ಲಿಯೇ ಇತ್ತು. ಮಡೆಪ್ಪ ಕೊನೆಗಾಲ ಬಂತೆಂದು ತೀರ್ಮಾನಿಸಿ, ಹೆಂಡತಿ ಉಮಾಶ್ರೀಗೆ ಫೋನು ಮಾಡಿ, ಹೊಲ ಯಾರಿಗೆ ಪಾಲಿಗೆ ಹಾಕಬೇಕು, ಕರಿ ಆಕಳು ಯಾರಿಗೆ ಕೊಡಬಾರದು ಎಂದೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಎದೆ ತಾನಾಗಿಯೇ ಸುಮ್ಮನಾಯಿತು.

ಬೀದರಿನ ದವಾಖಾನೆಯಲ್ಲಿ ಎದೆಯ ಪಟ ತೆಗೆದರು, ರಕ್ತ ತೆಗೆದರು, ಓಡಿಸಿ ನೋಡಿದರು. ಎಲ್ಲ ಸರಿಯಾಗಿತ್ತು. ಮಡೆಪ್ಪನಿಗೆ ಇದು ಅವಮಾನವೆನಿಸಿತು. ಅಷ್ಟು ದೊಡ್ಡ ಸಾವು ಬಂದು ಹೋದದ್ದಕ್ಕೆ ಒಂದು ಗುರುತೂ ಉಳಿದಿಲ್ಲವೆಂದರೇನು. ಅಲ್ಲಿನ ಡಾಕ್ಟರು ಇನ್ನೊಬ್ಬ ಡಾಕ್ಟರ ಹೆಸರು ಬರೆದುಕೊಟ್ಟರು. ಹೀಗೆ ಅವನು ಮನೋವೈದ್ಯೆ ಮಂಜಿರಿಯವರ ಮುಂದೆ ಬಂದು ಕೂತ.

"ಎದಿಗಿ ಏನೂ ಆಗಿಲ್ಲರಿ," ಅಂದರು ಮಂಜಿರಿ. "ಇದು ಗಾಬರಿ ಜಡ್ಡು. ಖರೇ ಜಡ್ಡೇ ಅದ, ನೀವು ಸೋಗ ಹಾಕಿಲ್ಲ. ಈ ಬಿಳಿ ಗುಳಿಗಿ ರಾತ್ರಿ ಊಟ ಆದಮ್ಯಾಲ ಒಂದು ತಗೋರಿ. ದಿನಾ. ಗುಣಾ ಕಾಣ್ಲಿಕ್ಕೆ ಸ್ವಲ್ಪ ವಾರ ಹಿಡೀತದ."

"ಒಂದಾ?"

"ಒಂದು."

ಮಡೆಪ್ಪ ಮುಗುಳ್ನಕ್ಕ. ಹೆಣ್ಣುಮಗಳು ಪಾಪ, ಮೊದಲನೇ ಮಾತಿಗೇ ಒಂದು ಅಂದುಬಿಟ್ಟಳು, ಚೌಕಾಸಿಗೆ, ಕೊಸರಿಗೆ ಜಾಗ ಬಿಟ್ಟೇ ಹೇಳಿರುತ್ತಾಳೆ ಎಂದುಕೊಂಡ. ಬಾಗಿಲು ದಾಟಿ ಚಪ್ಪಲಿ ಮೆಟ್ಟುವಷ್ಟರಲ್ಲಿ ಅವನ ತಲೆಯಲ್ಲಿ ಆ ಸೌದಾ ಮುಗಿದಿತ್ತು. ಅರ್ಧ.

ಅಂದಿನಿಂದ ಉಮಾಶ್ರೀ ದಿನಾ ರಾತ್ರಿ ಅಡಿಕೆ ಕತ್ತರಿಸುವ ಅಡಕೊತ್ತಿನಲ್ಲಿ ಗುಳಿಗೆ ಸೀಳುವ ಗಂಡನನ್ನು ನೋಡಬೇಕಾಯಿತು. "ಡಾಕ್ಟರ್ ಅರ್ಧ ಹೇಳ್ಯಾರೇನ್ರಿ?" ಎಂದರೆ, "ಆಗ್ಯಾದ ಮಾತು, ನೀ ಸುಮ್ಕಿರು" ಎಂಬ ಉತ್ತರ. ಅರ್ಧಕ್ಕೆ ಗಾಬರಿ ಬಗ್ಗಲಿಲ್ಲ. ಬಗ್ಗದ ದಿನ ಮಡೆಪ್ಪ ನ್ಯಾಯವಂತನಾಗಿ ಬಾಕಿ ಚುಕ್ತಾ ಮಾಡುತ್ತಿದ್ದ, ಅಂದರೆ ಉಳಿದ ಅರ್ಧಗಳನ್ನೆಲ್ಲ ಗುಡ್ಡೆ ಹಾಕಿ ಬೆಳಿಗ್ಗೆ ಒಟ್ಟಿಗೆ ನುಂಗುತ್ತಿದ್ದ. ಹೀಗಾಗಿ ಒಂದು ದಿನ ನಿದ್ದೆಯೇ ಇಲ್ಲ, ಮರುದಿನ ಎಚ್ಚರವೇ ಇಲ್ಲ. ಬಾಯಿ ಬೇಸಿಗೆಯ ಬಾವಿಯಂತೆ ಒಣಗುತ್ತಿತ್ತು. ಮಾತನಾಡಲು ಹೋದರೆ ನಾಲಿಗೆ ಅಂಗುಳಕ್ಕೆ ಅಂಟಿ, ಯಾರದೋ ನಾಲಿಗೆಯನ್ನು ಬಾಡಿಗೆಗೆ ತಂದಂತಾಗುತ್ತಿತ್ತು.

ಅಂಥ ಒಂದು ಚುಕ್ತಾ ದಿನವೇ ಭಾಲ್ಕಿಯ ಸಂತೆ. ಖಾಜಾ ಮಿಯಾನ ಕೈ ಮಡೆಪ್ಪನ ಕೈಗೆ ಬಂತು, ಟವೆಲ್ ಬಿತ್ತು, ಮಿಯಾ ತನ್ನ ದರ ಒತ್ತಿದ. ಮಡೆಪ್ಪನ ಕಡೆಯಿಂದ ಉತ್ತರವಿಲ್ಲ. ಮಿಯಾ ಸ್ವಲ್ಪ ಏರಿಸಿದ. ಉತ್ತರವಿಲ್ಲ. ಮಡೆಪ್ಪನ ಮುಖದಲ್ಲಿ ಎಂಥ ಶಾಂತಿ, ರೆಪ್ಪೆ ಕೂಡ ಮಿಸುಕದು. ಜನ ಗುಂಪುಗೂಡಿದರು. ಇಂಥ ಗಟ್ಟಿ ದಲಾಲನನ್ನು ನೋಡಿರಲಿಲ್ಲವೆಂದು ಪಿಸುಗುಟ್ಟಿದರು. ಮಿಯಾ ಬೆವರೊರೆಸಿಕೊಂಡು ಮತ್ತೆ ಏರಿಸಿದ, ಮತ್ತೂ ಏರಿಸಿದ. ಎತ್ತಿನ ಒಡೆಯ ಆನಂದದಿಂದ ಎತ್ತಿಗೇ ಕೈ ಮುಗಿದ. ಆಗ ವೀರಾಧಿವೀರನ ಮೂಗಿನಿಂದ ಸಣ್ಣದೊಂದು ಗೊರಕೆ ಹೊರಟಿತು.

"ಅರೇ, ಇವ ಮಲಗ್ಯಾನ," ಅಂದ ಮಿಯಾ. "ಮಲಗಿದವನ ಜೋಡಿ ನಾ ಇಷ್ಟೊತ್ತು ವ್ಯಾಪಾರ ಮಾಡೀನಿ."

ಒತ್ತಿದ ದರ ಒತ್ತಿದ್ದೇ, ಮಿಯಾ ಕೊಟ್ಟು ಎತ್ತು ಹೊಡೆದುಕೊಂಡು ಹೋದ. ಅವತ್ತಿನ ಮಟ್ಟಿಗೆ ಅದು ನಗೆಯಲ್ಲಿ ಮುಗಿಯಿತು. ಮಡೆಪ್ಪ ಮಾತ್ರ ನಗಲಿಲ್ಲ. ಔಷಧಿಯ ವಿಷಯ ಸಂತೆಗೆ ತಿಳಿದರೆ, ತಲೆ ಕೆಟ್ಟ ದಲಾಲನ ಕೈಗೆ ಯಾರು ತಮ್ಮ ಎತ್ತು ಒಪ್ಪಿಸುತ್ತಾರೆ ಎಂಬುದೇ ಅವನ ಹೊಸ ಗಾಬರಿ.

ಎರಡನೇ ಸಲ ಬೀದರಿಗೆ ಹೋದಾಗ ಮಂಜಿರಿ ಕೇಳಿದರು, "ಹೇಳಿದಂಗ ತಗೋಲತೀರೇನ್ರಿ?"

"ಹೂಂರಿ, ಬರಾಬರ್," ಅಂದ ಮಡೆಪ್ಪ, ಒಪ್ಪಂದ ಮುರಿದವನಲ್ಲವಲ್ಲ. "ಆದ್ರ ಕೆಲಸ ಮಾಡ್ವಲ್ದು. ಬಂದ್ರ ಕುಂಭಕರ್ಣನ ನಿದ್ದಿ, ಇಲ್ಲಂದ್ರ ಇಲ್ಲ."

ಡಾಕ್ಟರು ಹುಬ್ಬುಗಂಟಿಕ್ಕಿ ಯೋಚಿಸಿ ಔಷಧಿ ಬದಲಿಸಿದರು. ಇನ್ನು ಬೆಳಿಗ್ಗೆ ಒಂದು ಗುಲಾಬಿ ಗುಳಿಗೆ. ಬಿಳಿಯದನ್ನು ಒಮ್ಮೆಲೇ ಬಿಡಬಾರದು, ಎರಡು ವಾರದಲ್ಲಿ ಮೆಲ್ಲಗೆ ಇಳಿಸಿ ಬಿಡಬೇಕು. ಮೊದಮೊದಲು ಹೊಟ್ಟೆ ತೊಳೆಸಬಹುದು, ಕೈ ನಡುಗಬಹುದು, ಹೆದರಬೇಡಿ, ಹೆಚ್ಚಾದರೆ ಫೋನು ಮಾಡಿ ಎಂದು ಬಿಡಿಸಿ ಬಿಡಿಸಿ ಹೇಳಿದರು.

ಮಡೆಪ್ಪ ಬಸ್ಸಿನಲ್ಲಿ ಕೂತು ಈ ಹೊಸ ಸೌದಾವನ್ನೂ ಮುಗಿಸಿದ. ಗುಲಾಬಿ ಅರ್ಧ. ಎರಡು ವಾರ ಎಂದರೆ ಒಂದು ವಾರ. ಆ ಒಂದು ವಾರವೂ ಬಾಯಿಮಾತಿನದು, ಆದ್ದರಿಂದ ಬಿಳಿಯದನ್ನು ಭಾಲ್ಕಿ ಸ್ಟ್ಯಾಂಡಿನಲ್ಲಿ ಇಳಿಯುವ ಹೊತ್ತಿಗೇ ಬಿಟ್ಟಾಗಿತ್ತು.

ಆಮೇಲೆ ಆ ಮನೆಯಲ್ಲಿ ನಡೆದದ್ದು ಯಾವ ಪುರಾಣದ ಯುದ್ಧಕ್ಕೂ ಕಡಿಮೆಯಿಲ್ಲ, ವ್ಯತ್ಯಾಸವೆಂದರೆ ಇಲ್ಲಿ ಯಾರು ಯಾರ ಕಡೆ ಎಂಬುದೇ ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಹೊಟ್ಟೆ ತೊಳೆಸುವುದು. ಮಧ್ಯಾಹ್ನ ಕತ್ತು ತಿರುಗಿಸಿದರೆ ತಲೆಯೊಳಗೆ ಬಲ್ಬಿನ ತಂತಿ ಚಿಟ್ಟೆಂದಂತಾಗುವುದು. ಆಕಳಿಕೆ ಬಂದರೆ ದವಡೆ ಮರಳಿ ಮುಚ್ಚುವುದೋ ಇಲ್ಲವೋ ಎಂಬ ಚಿಂತೆ. ಕನಸಿನಲ್ಲಿ ಎತ್ತುಗಳು ಬೆಂಚಿನ ಮೇಲೆ ಕೂತು, ಟವೆಲ್ಲಿನ ಕೆಳಗೆ ಗೊರಸು ಚಾಚಿ, ಮಡೆಪ್ಪನಿಗೆ ದರ ಕಟ್ಟುತ್ತಿದ್ದವು. ಅವು ಕಟ್ಟಿದ ದರ ಬಹಳ ಕಡಿಮೆಯೆಂದು ಎದ್ದ ಮೇಲೂ ಅವನಿಗೆ ಬೇಸರ.

"ಈ ನಡುಕ ಬಿಳಿದೋ ಗುಲಾಬಿದೋ?" ಎಂದು ಹೆಂಡತಿಯನ್ನೇ ಕೇಳುತ್ತಿದ್ದ.

"ನನಗೇನ್ ಗೊತ್ತಾಗ್ತದರಿ, ನಾ ಏನ್ ಒಳಗ ಹೊಕ್ಕು ನೋಡೀನಿ?"

"ಬಿಳಿದು ಬಿಟ್ಟೀನಿ, ಅಂದ್ರ ಗುಲಾಬಿದೇ."

"ಅದನ್ನೂ ಅರ್ಧ ತಗೋತೀರಿ. ಅರ್ಧ ಗುಳಿಗಿಗಿ ಇಡೀ ನಡುಕ ಹ್ಯಾಂಗ ಬರ್ತದ?"

ಈ ಲೆಕ್ಕ ಮಡೆಪ್ಪನಿಗೂ ಬಗೆಹರಿಯಲಿಲ್ಲ. ಇದು ಔಷಧಿಯೋ, ಔಷಧಿ ಬಿಟ್ಟದ್ದೋ, ಹಳೆಯ ಗಾಬರಿಯೋ, ಅಥವಾ ಇದೆಲ್ಲ ಏನೆಂದು ಯೋಚಿಸಿ ಹುಟ್ಟಿದ ಮತ್ತೊಂದು ಗಾಬರಿಯೋ. ತನ್ನ ದೇಹದಲ್ಲಿ ತಾನೇ ಬಾಡಿಗೆದಾರನಂತೆ, ಮೇಲಿನ ಕೋಣೆಯಲ್ಲಿ ಯಾರೋ ಸಾಮಾನು ಎಳೆದಾಡುವುದನ್ನು ಕೇಳುತ್ತ ಕೂತ.

ಹಾಗೆ ಕೂತಿದ್ದರೆ ಚೆನ್ನಾಗಿತ್ತು. ಔರಾದದ ಸಂತೆಗೆ ಹೋದ. ಸಾಯಗಾಂವದ ವೀರಭದ್ರನೆಂಬ ರೈತ ಒಂದು ಜೋಡಿ ದೇವಣಿ ತಳಿಯ ಎತ್ತು ತಂದಿದ್ದ. ಅವುಗಳ ಹಣೆ ನೋಡಿದರೆ ರಾಜಮನೆತನದ ನೆನಪಾಗಬೇಕು. ಮಡೆಪ್ಪ ದಲಾಲ, ಮಿಯಾ ಗಿರಾಕಿ, ನೋಡಲು ಅರ್ಧ ಸಂತೆ. ಟವೆಲ್ ಬಿದ್ದು ಇನ್ನೂ ಎರಡು ಮಾತು ಆಗಿರಲಿಲ್ಲ. ಎದೆಯ ನಗಾರಿ ಶುರುವಾಯಿತು, ಹೊಟ್ಟೆಯೊಳಗಿನದು ಗಂಟಲಿಗೆ ಬಂತು. ಮಡೆಪ್ಪ ಕೈ ಕಿತ್ತುಕೊಂಡು, ಟವೆಲ್ ಅಲ್ಲೇ ಬಿಸುಟು, ಮೇವಿನ ಗಾಡಿಗಳ ಹಿಂದಕ್ಕೆ ಓಡಿದ.

ವಾಂತಿ ಮಾಡಿ ಮುಖ ತೊಳೆದು ಮರಳಿದಾಗ ಜನರೆಲ್ಲ ಬಿದ್ದ ಟವೆಲ್ಲನ್ನೇ ನೋಡುತ್ತಿದ್ದರು. ಮಿಯಾನ ಕೈ ಇನ್ನೂ ಗಾಳಿಯಲ್ಲಿಯೇ ಚಾಚಿಕೊಂಡಿತ್ತು.

"ಏನ್ ತಪ್ಪು ಒತ್ತಿದ್ದೆ ನಾ?" ಅಂದ ಮಿಯಾ. "ಇಷ್ಟು ವರ್ಷದಾಗ ಎಂದಾದ್ರೂ ನಿನ್ನ ಕೈಯಾಗ ಖೋಟಾ ಮಾತು ಹೇಳೀನೇನು?"

ಮಡೆಪ್ಪ ಬಾಯಿ ತೆರೆದ. ಕಾರಣ ಹೇಳಬೇಕೆಂದರೆ ಗುಳಿಗೆಯ ಹೆಸರು ಬರುತ್ತದೆ. ಬಾಯಿ ಮುಚ್ಚಿದ.

"ಆಯ್ತು," ಅಂದ ಮಿಯಾ, ಚಾಚಿದ ಕೈಯನ್ನು ಜೇಬಿಗೆ ಹಾಕಿಕೊಂಡು. "ಇನ್ನ ನಿನ್ನ ಟವೆಲ್ ಕೆಳಗ ಈ ಕೈ ಬರಂಗಿಲ್ಲ."

ವೀರಭದ್ರ ಎತ್ತು ಹೊಡೆದುಕೊಂಡು ಊರಿಗೆ ನಡೆದ. ಮುಂದಿನ ಸಂತೆಗಳಲ್ಲಿ ಮಿಯಾ ಬೇರೆ ದಲಾಲರ ಕೈ ಹಿಡಿದ. ಮಡೆಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬೇವಿನ ನೆರಳಲ್ಲಿ ನಿಂತು ಅದನ್ನು ನೋಡಿದ. ಮಿಯಾ ಮರಳಿ ಕೈ ಕೊಡದಿದ್ದರೆ ಈ ಟವೆಲ್ ಮುಖ ಒರೆಸುವುದಕ್ಕಷ್ಟೇ ಎಂಬುದು ಅವನಿಗೆ ತಿಳಿದಿತ್ತು.

ಮೂರನೇ ಸಲ ಬೀದರಿಗೆ ಉಮಾಶ್ರೀಯೂ ಜೊತೆಗೆ ಬಂದಳು. ಮಡೆಪ್ಪ ಕೂತವನೇ ನಡುಗುವ ಕೈಯನ್ನು ಮೇಜಿನ ಮೇಲಿಟ್ಟು, "ನಿಮ್ಮ ಗುಳಿಗಿ ನನ್ನ ಕೈ ತಿಂದ್ವು," ಅಂದ.

ಮಂಜಿರಿ ಶಾಂತವಾಗಿ ಕೇಳಿದರು. "ಗುಲಾಬಿದು ಎಷ್ಟು ತಗೋಲತೀರಿ?"

"ನೀವು ಒಂದು ಅಂದ್ರಿ, ಅರ್ಧಕ್ಕ ಮುಗಿಸೀವಲ್ಲರಿ."

"ಯಾರು ಮುಗಿಸಿದ್ದು?"

"ನಾವೇರಿ. ನಾ ಮತ್ತ ನೀವು."

"ನಾ ಯಾವಾಗ ಇದ್ದೆ?"

"ನೀವು ಇರ್ಲಿಲ್ಲ," ಅಂದ ಮಡೆಪ್ಪ ಪ್ರಾಮಾಣಿಕವಾಗಿ. "ಆದ್ರ ಇದ್ದಿದ್ರ ಅಷ್ಟಕ್ಕೇ ಬರ್ತಿದ್ರಿ. ಮೊದಲ ಹೇಳಿದ್ದು ಯಾರೂ ಖರೇ ಹೇಳಂಗಿಲ್ಲಲ್ರಿ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬಿಳಿಯದನ್ನು ಕೇಳಿದರು, ಚುಕ್ತಾದ ಕಥೆ ಬಂತು. ಎರಡು ವಾರವನ್ನು ಕೇಳಿದರು, ಬಸ್ ಸ್ಟ್ಯಾಂಡಿನ ಕಥೆ ಬಂತು. ಉಮಾಶ್ರೀ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡಕೊತ್ತಿನ ಸಾಕ್ಷಿ ನುಡಿದಳು, ಮಿಯಾ ಮುನಿಸಿಕೊಂಡದ್ದನ್ನೂ ಸೇರಿಸಿದಳು.

"ಅಂದ್ರ ನಾ ಕೊಟ್ಟ ಒಂದು ಔಷಧಿನೂ ನೀವು ಇಲ್ಲೀತನಕ ತಗೊಂಡೇ ಇಲ್ಲ," ಅಂದರು ಮಂಜಿರಿ. "ನೀವ ಒಂದು ಹೊಸಾ ಔಷಧಿ ಮಾಡ್ಕೊಂಡು ಅದನ್ನ ತಗೊಂಡೀರಿ. ನಾ ಅದಕ್ಕ ಇಲ್ಲಿ ಕೂತು ತಲಿ ಕೆಡಿಸ್ಕೊಂಡೀನಿ."

"ಹಂಗಾರ ಈಗ ಎಷ್ಟಕ್ಕ ಬಿಡ್ತೀರಿ?"

"ಮಡೆಪ್ಪನವರೇ, ಇದು ಏಕ್ ದಾಮ್ ಅಂಗಡಿರಿ."

ಹೈದರಾಬಾದಿನ ಬಟ್ಟೆಯಂಗಡಿಗಳಲ್ಲಿ ಒಂದೇ ದರ, ಚೌಕಾಸಿ ಇಲ್ಲವೆನ್ನುವ ಆ ಫಲಕ ಕಂಡಾಗಲೆಲ್ಲ ಮಡೆಪ್ಪನಿಗೆ ಮನುಷ್ಯಕುಲದ ಬಗ್ಗೆ ಮರುಕ ಹುಟ್ಟುತ್ತಿತ್ತು. ಇಂದು ಮೊದಲ ಸಲ ತಲೆ ತಗ್ಗಿಸಿದ. ಡಾಕ್ಟರು ಎಲ್ಲವನ್ನೂ ಹೊಸದಾಗಿ ಗೊತ್ತುಮಾಡಿದರು. ಗುಲಾಬಿಯನ್ನೇ ಕಡಿಮೆಯಿಂದ ಶುರುಮಾಡಿ, ತಾವು ಹೇಳಿದ ದಿನ, ಹೇಳಿದಷ್ಟೇ ಏರಿಸಬೇಕು. ನಡುವೆ ಏನಾದರೂ ಆದರೆ ಅಡಕೊತ್ತು ಮುಟ್ಟದೆ ಫೋನು ಮಾಡಬೇಕು. ಏಳುವಾಗ ಒಂದು ಮಾತು ಸೇರಿಸಿದರು. "ಆ ಸಂತ್ಯಾಗಿನ ಗೆಳೆಯಾಗ ಖರೇ ಹೇಳಿ ನೋಡ್ರಿ. ಅದಕ್ಕ ನನ್ನ ಬಲ್ಲಿ ಗುಳಿಗಿ ಇಲ್ಲ."

ಗುಳಿಗೆ ಇಡಿಯಾಗಿ ನುಂಗುವುದು ಮಡೆಪ್ಪನಿಗೆ ಕೊಸರದೆ ಎತ್ತು ಕೊಂಡಷ್ಟೇ ಸಂಕಟ. ಉಮಾಶ್ರೀ ಅಡಕೊತ್ತನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಳು. ಹೊಟ್ಟೆ ಕೆಲವು ದಿನ ತೊಳೆಸಿ ಬಿಟ್ಟಿತು. ತಲೆಯೊಳಗಿನ ತಂತಿ ಮೆಲ್ಲಗೆ ಸುಮ್ಮನಾಯಿತು. ಎದೆ ಆಗೊಮ್ಮೆ ಈಗೊಮ್ಮೆ ನಗಾರಿ ಎತ್ತಿಕೊಂಡರೂ ಬಾರಿಸುವುದು ಮರೆತಂತೆ ಇಳಿಸುತ್ತಿತ್ತು. ಕೈ ಮಾತ್ರ ಎಲ್ಲಕ್ಕಿಂತ ಕೊನೆಗೆ ದಾರಿಗೆ ಬಂತು. ಬಂದದ್ದು ಗುಳಿಗೆಯಿಂದಲೋ, ಇನ್ನೊಬ್ಬರ ದರವನ್ನು ಒಮ್ಮೆಯಾದರೂ ಒಪ್ಪಿಕೊಂಡದ್ದರಿಂದಲೋ, ಮಡೆಪ್ಪನಿಗೆ ಈಗಲೂ ಅನುಮಾನ.

ಔರಾದದ ಸಂತೆಯಲ್ಲಿ ಖಾಜಾ ಮಿಯಾ ಚಹಾದ ಹೋಟೆಲ್ಲಿನ ಬೆಂಚಿನ ಮೇಲೆ ಗೋಡೆಗೆ ಮುಖಮಾಡಿ ಕೂತಿದ್ದ. ಮಡೆಪ್ಪ ಹೋಗಿ ಪಕ್ಕದಲ್ಲಿ ಕೂತು, ಸುತ್ತಿನವರಿಗೂ ಕೇಳುವಂತೆ ಹೇಳಿಬಿಟ್ಟ.

"ಖಾಜಾ ಭಾಯ್, ನನಗ ಗಾಬರಿ ಜಡ್ಡದ. ತಲಿ ಡಾಕ್ಟರ್ ಬಲ್ಲಿ ಗುಳಿಗಿ ತಗೋತೇನಿ. ಅವತ್ತು ವಾಂತಿ ಬಂತು, ಅದಕ್ಕ ಕೈ ತಗದೆ."

ಮಿಯಾ ಚಹಾವನ್ನು ಬಸಿಗೆ ಸುರಿದುಕೊಂಡು ಪೂರ್ತಿ ಕುಡಿದ. ಆಮೇಲೆ, "ಝೂಟ್," ಅಂದ. "ಖರೇ ಹೇಳು. ಬ್ಯಾರೆ ಗಿರಾಕಿ ಕಣ್ಣು ಹೊಡದಿದ್ದ, ಹೌದಲ್ಲೋ?"

"ಇಲ್ಲೋ ಮಾರಾಯ. ಗುಳಿಗಿ."

"ಗುಳಿಗಿ ಇರ್ತದಪ್ಪ, ಇಲ್ಲನಂಗಿಲ್ಲ. ಎಲ್ಲಾ ಗುಳಿಗಿ ಮ್ಯಾಲ ಹಾಕಬ್ಯಾಡ. ಸ್ವಲ್ಪ ನಿಂದೂ ಸೊಕ್ಕು ಇತ್ತು."

ತನ್ನ ಆಯುಷ್ಯದಲ್ಲಿ ಮೊದಲ ಸಲ ಮೊದಲ ಮಾತಿಗೇ ಖರೆ ಹೇಳಿದ್ದ ಮಡೆಪ್ಪ ಪೂರಾ ಗೊಂದಲಗೊಂಡ. ನಿಜಕ್ಕೆ ಕೊಸರು ಹೇಗೆ ಕೊಡುವುದೆಂದು ಅವನಿಗೆ ಗೊತ್ತಿರಲಿಲ್ಲ. "ನಾಕಾಣೆ ಸೊಕ್ಕು," ಅಂದ.

"ಹನ್ನೆರಡಾಣೆ."

"ಆರಾಣೆ, ವಾಂತಿ ಖರೇ ಆಗ್ಯಾದ, ಮೇವಿನ ಗಾಡಿಯವ್ರನ್ನ ಕೇಳು."

"ಎಂಟಾಣೆ," ಅಂದ ಮಿಯಾ. "ಚಹಾ ನಿಂದು."

ಹೊರಗೆ ಯಾರದೋ ಹೋರಿ ಕಟ್ಟಿತ್ತು. ಒಡೆಯನನ್ನು ಹುಡುಕಿ ಕರೆತಂದು, ಮಡೆಪ್ಪ ಕೈ ಚಾಚಿದ. ಮಿಯಾ ಜೇಬಿನಿಂದ ಕೈ ತೆಗೆದು ಒಮ್ಮೆ ನೋಡಿಕೊಂಡು, ಕೊಟ್ಟ. ಟವೆಲ್ ಬಿತ್ತು. ಮಡೆಪ್ಪನ ಎದೆ ಒಂದೆರಡು ಏಟು ಹೆಚ್ಚಿಗೆ ಬಡಿಯಿತು, ಬಾಯಿ ಒಣಗಿತು. ಮಿಯಾ ಒತ್ತಿದ ದರಕ್ಕೆ ಆ ಹೋರಿಯ ಕೊಂಬೂ ಬರುತ್ತಿರಲಿಲ್ಲ. ಮಡೆಪ್ಪ ಏನೂ ಗೊತ್ತಿಲ್ಲದವನಂತೆ ಆಕಾಶ ನೋಡುತ್ತ, ಕೈ ಕಿತ್ತುಕೊಳ್ಳದೆ ಟವೆಲ್ಲಿನ ಕೆಳಗೇ ಇಟ್ಟ.