ಕಣ್ಮರೆಯಾಗಬಾರದ ಹಗ್ಗ

ಮೇಡಂ ಹಗ್ಗವನ್ನು ಪರೀಕ್ಷಿಸುತ್ತಿದ್ದದ್ದು ಕೈಯಿಂದಲ್ಲ, ತುಟಿಯಿಂದ. ಕುಣಿಗಲ್‌ನ ತಮ್ಮ ಮನೆಯ ಜಗಲಿಯಲ್ಲಿ ಕಾಲು ಚಾಚಿ ಕೂತು, ಕಣ್ಣು ಮುಚ್ಚಿ, ಬಂಡೆ ಹತ್ತುವ ನೀಲಿ ಹಗ್ಗವನ್ನು ಈ ತುದಿಯಿಂದ ಆ ತುದಿಯವರೆಗೆ ಕೆಳತುಟಿಯ ಮೇಲೆ ನಿಧಾನವಾಗಿ ಎಳೆದುಕೊಳ್ಳುತ್ತಿದ್ದರು. ಮೊದಲ ಸಲ ನೋಡಿದಾಗ ನಾನು ಹೆದರಿ ಗೇಟಿನಲ್ಲೇ ನಿಂತುಬಿಟ್ಟಿದ್ದೆ. ಹಗ್ಗ ಅವರ ಬಾಯಿಂದ ಹೊರಗೆ ಬರುತ್ತಿದೆಯೋ ಒಳಗೆ ಹೋಗುತ್ತಿದೆಯೋ ದೂರದಿಂದ ಗೊತ್ತಾಗುತ್ತಿರಲಿಲ್ಲ.

ಅವರ ಬೆರಳುಗಳಿಗೆ ಸ್ಪರ್ಶ ಉಳಿದಿರಲಿಲ್ಲ. ಬಂಡೆ ಹಿಡಿದು ಹಿಡಿದು ತುದಿಗಳು ಸವೆದು ನುಣ್ಣಗಾಗಿದ್ದವು, ಗೆರೆಗಳೇ ಇರಲಿಲ್ಲ. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮಷೀನು ಅವರನ್ನು ಒಪ್ಪಿಕೊಳ್ಳುತ್ತಲೇ ಇರಲಿಲ್ಲ. ಅಂಗಡಿಯವನು "ಇನ್ನೊಂದ್ಸಲ ಒತ್ತಿ ಮೇಡಂ, ಗಟ್ಟಿಯಾಗ್ ಒತ್ತಿ" ಅಂದರೆ, "ಸತ್ತೋಗವ್ಳೆ ಅಂತ ಬರ್ಕೊ ಬುಡು" ಎಂದು ನಗುತ್ತಿದ್ದರು. ಆ ತಮಾಷೆ ನನಗೆ ಒಂಚೂರೂ ಹಿಡಿಸುತ್ತಿರಲಿಲ್ಲ.

ಅವರು ನಮ್ಮ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದವರು. ಉಳಿದ ಶಾಲೆಗಳಲ್ಲಿ ಹುಡುಗಿಯರಿಗೆ ಟೆನಿಕಾಯ್ಟ್ ರಿಂಗ್ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದ ಕಾಲದಲ್ಲಿ, ಮೇಡಂ ನಮ್ಮನ್ನು ಭಾನುವಾರ ಹುಲಿಯೂರುದುರ್ಗದ ಬಂಡೆಗೆ ಕರೆದುಕೊಂಡು ಹೋಗುತ್ತಿದ್ದರು. ನಮ್ಮಮ್ಮ ಶಾಲೆಗೇ ಬಂದು ಜಗಳವಾಡಿದ್ದಳು, ಹೆಣ್ಣುಮಗು ಕೈಕಾಲು ಮುರಿದುಕೊಂಡರೆ ಗತಿಯೇನು ಎಂದು. "ನಿಮ್ ಮಗಳ ಹಗ್ಗ ನನ್ನ ಸೊಂಟದಲ್ಲಿರುತ್ತೆ ಕಣ್ರೀ, ಬಿದ್ರೆ ನಾನೂ ಬೀಳ್ತೀನಿ" ಎಂದಿದ್ದರು ಮೇಡಂ. ಮುಂದಿನ ಭಾನುವಾರ ಅಮ್ಮನೇ ಬುತ್ತಿ ಕಟ್ಟಿಕೊಟ್ಟಳು. ಈಗ ನಾನು ತುಮಕೂರಿನ ಬಟವಾಡಿಯಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ನಡೆಸುತ್ತೇನೆ. ಊರವರ ಮಂಡಿ, ಸೊಂಟ ನೋಡಿ ಸಾಕಾದಾಗೆಲ್ಲ ಬಂಡೆಗೆ ಓಡುತ್ತಿದ್ದೆ. ಕೆಳಗೆ ನನ್ನ ಹಗ್ಗ ಹಿಡಿಯುತ್ತಿದ್ದದ್ದು ಯಾವಾಗಲೂ ಅವರೇ.

ಅವರದು ಹಳೆಯ ಪದ್ಧತಿ. ಹತ್ತುವವರ ಹಗ್ಗದ ಇನ್ನೊಂದು ಕಡೆಯನ್ನು ತಮ್ಮ ಸೊಂಟದ ಸುತ್ತ ಬಳಸಿಕೊಂಡು, ಎರಡೂ ಕೈಯಲ್ಲಿ ಹಿಡಿದು, ಬೇಕಾದಷ್ಟೇ ಬಿಡುತ್ತಾ ಹೋಗುವುದು. ಹತ್ತುವವಳು ಜಾರಿದರೆ ಕೈ ಬಿಗಿ. ಈಗ ಅದಕ್ಕೆಲ್ಲ ತಾನಾಗಿ ಕಚ್ಚಿಕೊಳ್ಳುವ ಸಲಕರಣೆ ಬಂದಿದೆ ಮೇಡಂ, ತಗೊಳ್ಳೋಣ ಅಂದರೆ ಮೂತಿ ತಿರುಗಿಸುತ್ತಿದ್ದರು. "ಮಷೀನಿಗೆ ನಿನ್ನ ಪರಿಚಯ ಇದೆಯಾ? ನನಗಿದೆ. ನೀನು ಹೆದರ್ಕೊಂಡಿದೀಯಾ, ಸುಸ್ತಾಗಿದೀಯಾ, ಎಲ್ಲ ಹಗ್ಗದಲ್ಲೇ ಬರುತ್ತೆ ಕಣೇ."

ಅವರಿಗೆ ಒಬ್ಬ ಗೆಳತಿಯಿದ್ದರು, ಗುಬ್ಬಿಯವರು. ಇಬ್ಬರೂ ಪ್ರಾಯದಲ್ಲಿ ಜೊತೆಯಾಗಿ ಹತ್ತುತ್ತಿದ್ದರಂತೆ. ಒಂದು ಸಲ ಆ ಗೆಳತಿ ಗುಬ್ಬಿಯಿಂದ ಬರುವಾಗ ಹಗ್ಗದ ಚೀಲವನ್ನು ಬಸ್ಸಿನ ಡಿಕ್ಕಿಗೆ ಹಾಕಿಸಿದ್ದರು. ಡಿಕ್ಕಿಯಲ್ಲಿ ಯಾರದೋ ಲಾರಿ ಬ್ಯಾಟರಿ ಇತ್ತು, ಅದರ ಆಸಿಡ್ಡಿನ ಹನಿ ಎಲ್ಲೋ ತಗುಲಿದೆ. ಹಗ್ಗದ ಮೇಲೆ ಕಲೆಯಿಲ್ಲ, ವಾಸನೆಯಿಲ್ಲ. ಮಾರನೆಯ ದಿನ ದೇವರಾಯನದುರ್ಗದ ಬಂಡೆಯಲ್ಲಿ ಮೇಲಿದ್ದದ್ದು ಗೆಳತಿ, ಕೆಳಗೆ ಹಿಡಿದಿದ್ದದ್ದು ಮೇಡಂ.

"ಅವಳು ಕೂಗ್ಲಿಲ್ಲ. ಹಗ್ಗ ಕಿತ್ತ ಸದ್ದೂ ಬರ್ಲಿಲ್ಲ. ಕೈಯಲ್ಲಿ ಹಗ್ಗ ಹಗುರ ಆಯ್ತು, ಅಷ್ಟೇ" ಎಂದು ಒಮ್ಮೆ ಹೇಳಿದ್ದರು. ಹೇಳುವಾಗ ಅವರ ಎರಡೂ ಕೈ ಗಾಳಿಯಲ್ಲಿ ಇಲ್ಲದ ಹಗ್ಗವನ್ನು ಹಿಡಿದಿದ್ದವು.

ಅಂದಿನಿಂದ ಹಗ್ಗ ಅವರ ಕಣ್ಮರೆಯಾದದ್ದಿಲ್ಲ. ಮಲಗುವಾಗ ತಲೆಯ ಪಕ್ಕ, ಮದುವೆಮನೆಗೆ ಹೋದರೆ ಊಟದೆಲೆಯ ಪಕ್ಕ. ಬಸ್ಸಿನಲ್ಲಿ ಕಂಡಕ್ಟರ್ "ಅಮ್ಮೋ, ಚೀಲ ಡಿಕ್ಕಿಗ್ ಹಾಕಿ, ಜನ ನಿಲ್ಲಕ್ ಜಾಗ ಇಲ್ಲ" ಅಂದರೆ, "ನಿನ್ ಕೂಸನ್ನ ಡಿಕ್ಕಿಗ್ ಹಾಕ್ತೀಯೇನಪ್ಪಾ?" ಎಂದು ಚೀಲವನ್ನು ಮಡಿಲಿಗೆ ಎಳೆದುಕೊಳ್ಳುತ್ತಿದ್ದರು. ಜನ ನಗುತ್ತಿದ್ದರು. ಆದರೆ ಆ ಮುಖ ನೋಡಿ ಎರಡನೆಯ ಸಲ ಕೇಳಿದ ಕಂಡಕ್ಟರನ್ನು ನಾನು ಕಾಣೆ.

ಮಂಡಿ ಪೂರ್ತಿ ಕೈಕೊಡುವ ಮುಂಚೆ ಹಿಮಾಚಲದ ಬಂಡೆಯನ್ನೊಮ್ಮೆ ನೋಡಬೇಕು, ಅಲ್ಲಿ ನಾನು ಹತ್ತಬೇಕು, ಕೆಳಗೆ ಅವರು ಹಿಡಿಯಬೇಕು ಅನ್ನುವುದು ಅವರ ಆಸೆ. ನನಗಂತೂ ಹೈಸ್ಕೂಲಿನಿಂದ ಕಂಡ ಕನಸು. ಕೊನೆಗೂ ಟಿಕೆಟ್ ಮಾಡಿಸಿದೆ. ವಿಮಾನದಲ್ಲಿ ಹಗ್ಗ ಕೈಚೀಲದಲ್ಲೇ ಬರಬೇಕು ಎಂದು ಮೇಡಂ ಮೊದಲೇ ಹೇಳಿಬಿಟ್ಟಿದ್ದರು. ಸರಿ, ಹಗ್ಗ, ಕೊಕ್ಕೆಗಳು, ಸೊಂಟಪಟ್ಟಿ, ಬೂಟು ಎಲ್ಲವನ್ನೂ ಒಂದೇ ಕೈಚೀಲಕ್ಕೆ ತುರುಕಿದೆವು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಪರದೆಯ ಮುಂದೆ ಕೂತಿದ್ದಾತ ಬೆಲ್ಟ್ ನಿಲ್ಲಿಸಿದ. ಪರದೆಯ ಮೇಲೆ ಹಗ್ಗ ಕರುಳಿನ ಹಾಗೆ ಸುರುಳಿ ಸುರುಳಿಯಾಗಿ ಕಾಣುತ್ತಿತ್ತು. ಚೀಲ ಬಿಚ್ಚಿಸಿದರು. ಕೊಕ್ಕೆಗಳನ್ನು ಒಂದೊಂದಾಗಿ ತೆಗೆದು ನೋಡಿ ವಾಪಸ್ ಇಟ್ಟರು. ಬೂಟು ಮೂಸಿ ಮುಖ ಸಿಂಡರಿಸಿ ಅದನ್ನೂ ಬಿಟ್ಟರು. ಅವರು ಬೇಡವೆಂದದ್ದು ಹಗ್ಗವನ್ನು ಮಾತ್ರ. ಮೇಲಧಿಕಾರಿ ಬಂದ. ನಮ್ಮ ಮಾತು ಕೇಳಿ ಕನ್ನಡದಲ್ಲೇ ಶುರುಮಾಡಿದ.

"ಯಾವೂರ್ ಮೇಡಂ? ಕುಣಿಗಲ್ಲಾ? ನಮ್ದು ಹಾಗಲವಾಡಿ. ನೋಡಿ, ಇಷ್ಟುದ್ದ ಹಗ್ಗ ಒಳಗೆ ಬಿಡಕ್ಕಾಗಲ್ಲ. ಕೌಂಟರ್‌ಗ್ ಹೋಗಿ ಲಗೇಜಿಗ್ ಹಾಕ್ಬುಡಿ."

"ಕೊಕ್ಕೆ ಬೇಕಾದ್ರೆ ನೀವೇ ಇಟ್ಕೊಳ್ಳಪ್ಪಾ" ಎಂದರು ಮೇಡಂ. "ಕೊಕ್ಕೆ ಬಿರುಕು ಬಿಟ್ರೆ ಕಣ್ಣಿಗ್ ಕಾಣುತ್ತೆ. ಹಗ್ಗ ಹಂಗಲ್ಲ. ನನ್ ಕಣ್ಮುಂದೆ ಇರ್ಲಿ, ಬಿಚ್ಚಲ್ಲ, ಮುಟ್ಟಲ್ಲ."

"ಅಮ್ಮಾ, ನನ್ ಕೆಲ್ಸಕ್ಕೇ ಕುತ್ತು ತರ್ತೀರಾ. ಊರವರು ಅಂತ ಇಷ್ಟೊತ್ ಮಾತಾಡ್ತಿದೀನಿ."

ಮೇಡಂ ನನ್ನ ಮುಖ ನೋಡಿದರು. ವಾಪಸ್ ಹೋಗೋಣ ಅನ್ನುತ್ತಾರೆ ಎಂದೇ ಅಂದುಕೊಂಡೆ. ಅವರು ಹಗ್ಗವನ್ನೆತ್ತಿಕೊಂಡು "ನಡಿಯೇ, ಆ ಬೆಟ್ಟ ನೋಡ್ದೆ ನೀನು ಮನೇಗ್ ಬರಲ್ಲ" ಎಂದು ಕೌಂಟರಿನ ಕಡೆಗೆ ಹೊರಟರು. ಅಲ್ಲಿನ ಹುಡುಗಿ ಚೀಟಿ ಅಂಟಿಸಿ ಹಗ್ಗವನ್ನು ಬೆಲ್ಟಿನ ಮೇಲೆ ಹಾಕಿದಳು. ರಬ್ಬರ್ ಪರದೆ ದಾಟಿ ಅದು ಒಳಗೆ ಹೋದ ಮೇಲೂ ಮೇಡಂ ಕದಲಲಿಲ್ಲ. ರಟ್ಟೆ ಹಿಡಿದು ಕರೆದುಕೊಂಡು ಬಂದೆ. ರಟ್ಟೆ ತಣ್ಣಗಿತ್ತು.

ವಿಮಾನದಲ್ಲಿ ಅವರು ನೀರನ್ನೂ ಕುಡಿಯಲಿಲ್ಲ. ಕಣ್ಣು ಮುಚ್ಚಿ, ಒಂದು ಕೈ ಸೊಂಟದ ಹತ್ತಿರ, ಇನ್ನೊಂದು ಮುಂದೆ, ಬೆರಳು ಮಡಿಸಿ ಕೂತಿದ್ದರು. ಸ್ವಲ್ಪ ಹೊತ್ತಿಗೆ ಆ ಕೈಗಳು ಅಲುಗಾಡತೊಡಗಿದವು. ಒಂದು ಬಿಡುವುದು, ಒಂದು ಹಿಡಿಯುವುದು. ನೋಡಿ ಗಾಬರಿಯಾಯಿತು. ನಮ್ಮ ಕಾಲ ಕೆಳಗೆ, ಸಾಮಾನಿನ ಕತ್ತಲಲ್ಲಿ ಬಿದ್ದಿದ್ದ ಹಗ್ಗವನ್ನು ಅವರು ಇಲ್ಲಿಂದಲೇ ಹಿಡಿದುಕೊಂಡಿದ್ದರು. ಪಕ್ಕದ ಸೀಟಿನ ಗಂಡಸು ಮೆಲ್ಲಗೆ ಕಿಟಕಿಯ ಕಡೆಗೆ ಸರಿದು ಕೂತ. ಇದ್ದಕ್ಕಿದ್ದಂತೆ ಮೇಡಂ ಬೆಚ್ಚಿ ಕಣ್ಣು ಬಿಟ್ಟರು.

"ಹಗುರ ಆಯ್ತು" ಎಂದರು.

"ಮೇಡಂ, ಕನಸು ಕಂಡ್ರಿ."

"ಇಲ್ಲ ಕಣೇ. ಹಗುರ ಆಯ್ತು."

ಇಳಿದಾಗ ಹಗ್ಗ ಎಲ್ಲರ ಸೂಟ್‌ಕೇಸುಗಳ ನಡುವೆ ಒದ್ದೆಯಾಗದೆ, ಸ್ವಚ್ಛವಾಗಿ, ಏನೂ ಆಗದಂತೆ ಬಂತು. ಕಣಿವೆಯ ಕ್ಯಾಂಪ್ ತಲುಪಿದ್ದೇ ಮೇಡಂ ಅದನ್ನು ತುಟಿಯ ಮೇಲೆ ಎಳೆಯಲು ಕೂತರು. ಒಂದು ಸಲ ಮುಗಿಸಿ ಮತ್ತೆ ತಿರುಗಿ ಮೊದಲಿಂದ. ಎದುರಿಗೆ ನಾವು ನೋಡಲು ಬಂದಿದ್ದ ಬಂಡೆ ಸಂಜೆಬಿಸಿಲಲ್ಲಿ ಕೆಂಪಗೆ ನಿಂತಿತ್ತು. ಅವರು ತಲೆಯೆತ್ತಿ ಅದನ್ನು ನೋಡಲೂ ಇಲ್ಲ.

"ಏನೂ ಸಿಗ್ತಿಲ್ಲ. ಆದ್ರೂ ನಾಳೆ ಹತ್ತೋದು ಬೇಡ."

ನನಗೆ ಮೈಯೆಲ್ಲ ಉರಿಯಿತು. "ಏನೂ ಸಿಗದಿದ್ರೆ ಇನ್ನೇನ್ ಮೇಡಂ? ಸರಿ, ಕ್ಯಾಂಪಿನ ಗೈಡ್ ಹತ್ರ ಬೇರೆ ಹಗ್ಗ ಇದೆ, ಅದನ್ನ ತಗೊಳ್ಳೋಣ."

"ಅದು ಎಲ್ಲೆಲ್ಲಿ ಬಿದ್ದಿತ್ತೋ ಯಾರ್ ಕಂಡೋರು?"

"ಇಷ್ಟು ದೂರ ಬಂದು ಬಂಡೆ ಮುಖ ನೋಡ್ಕೊಂಡು ವಾಪಸ್ ಹೋಗೋದಾ?"

"ಹೂಂ. ನೋಡ್ಕೊಂಡು ಹೋಗೋದು. ನಿನ್ ಹಗ್ಗ ಹಿಡಿಯೋಳು ನಾನು. ನಾನು ಬೇಡ ಅಂದ್ರೆ ಬೇಡ."

ಮಾರನೆಯ ಬೆಳಿಗ್ಗೆ, ನಾನು ಬಂಡೆಯ ನಡುಮಧ್ಯದಲ್ಲಿರಬೇಕಾಗಿದ್ದ ಹೊತ್ತಿನಲ್ಲಿ, ಮೇಡಂ ಬಿಸಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಬಂಡೆಗೆ ಎದುರಾಗಿ ಟೀ ಕುಡಿಯುತ್ತಿದ್ದರು. ನಾನು ಮುನಿಸಿಕೊಂಡು ಮೆಟ್ಟಿಲ ಮೇಲೆ ಕೂತಿದ್ದೆ. "ಎಷ್ಟ್ ಚೆನ್ನಾಗೈತೆ ನೋಡೇ" ಎಂದರು. ನಾನು ಹೂಂ ಅಂದೆ. ಆಮೇಲೆ ಲೋಟ ಕಲ್ಲಿನ ಮೇಲೆ ಬಿದ್ದ ಸದ್ದು. ತಿರುಗಿ ನೋಡಿದರೆ ಕುರ್ಚಿಯಲ್ಲಿ ಹಾಗೇ ಕೂತಿದ್ದರು, ಕಣ್ಣು ಬಂಡೆಯ ಕಡೆಗೆ, ಎರಡೂ ಕೈ ಸಡಿಲವಾಗಿ ಕೆಳಗೆ ಇಳಿಬಿದ್ದಿದ್ದವು. ಓಡಿಹೋಗಿ ಎದೆ ಒತ್ತಿದೆ. ಎಷ್ಟು ಹೊತ್ತು ಒತ್ತಿದೆನೋ, ಗೈಡ್ ಬಂದು ನನ್ನನ್ನು ಬಿಡಿಸಿದ. ಹೃದಯ ಒಂದೇ ಏಟಿಗೆ ನಿಂತುಹೋಗಿದೆ ಎಂದರು ಆಸ್ಪತ್ರೆಯಲ್ಲಿ.

ಹೊರಡುವ ದಿನ ಗೈಡ್ ನನ್ನ ಮಾತಿಗೆ ಒಪ್ಪಿ ಆ ಹಗ್ಗವನ್ನು ದೇವದಾರು ಮರಕ್ಕೆ ಕಟ್ಟಿ ಜೀಪಿನಿಂದ ಎಳೆಸಿದ. ಒಂದೊಂದು ಭಾಗವನ್ನೂ ಎಳೆಸಿದ. ಹಗ್ಗದ ಒಂದೆಳೆಯೂ ಕಿತ್ತುಬರಲಿಲ್ಲ. ಅದಕ್ಕೆ ಏನೂ ಆಗಿರಲೇ ಇಲ್ಲ. ಮೇಡಂಗೆ ಹಗುರವಾಗಿದ್ದು ಹಗ್ಗದ ಮೇಲಿನ ತುದಿಯಲ್ಲ, ಅವರೇ ಹಿಡಿಯುತ್ತಿದ್ದ ಕೆಳಗಿನದು. ನಾನು ಅಲ್ಲೇ, ಆ ಮರದ ಬುಡದಲ್ಲಿ ಕೂತುಬಿಟ್ಟೆ. ಹತ್ತಿಯೇ ತೀರುತ್ತೇನೆ ಎಂಬ ನನ್ನ ಹಟಕ್ಕೆ ಅವರು ಒಪ್ಪಿದ್ದರೆ, ಆ ಹೊತ್ತಿನಲ್ಲಿ ನನ್ನ ಜೀವ ಆ ಕೈಗಳಲ್ಲಿರುತ್ತಿತ್ತು. ನಾನೀಗ ಉಸಿರಾಡುತ್ತಿರುವುದು ಅವರು ಬೇಡ ಅಂದದ್ದರಿಂದ. ಈ ಋಣವನ್ನು ಯಾರಿಗೆ ಹೋಗಿ ತೀರಿಸಲಿ?

ಅವರ ಅಣ್ಣನ ಮಗ ಬಂದು ಕಾಗದಪತ್ರ ಮಾಡಿಸಿದ. ವಾಪಸ್ ಬರುವಾಗ ಆ ಊರಿನ ವಿಮಾನ ನಿಲ್ದಾಣದ ತಪಾಸಣೆಯವರು ಹಗ್ಗವಿದ್ದ ನನ್ನ ಚೀಲವನ್ನು ಪರದೆಯಲ್ಲಿ ನೋಡಿ ಒಂದು ಮಾತೂ ಕೇಳದೆ ಬಿಟ್ಟರು. ಮೇಡಂ ಪೆಟ್ಟಿಗೆಯಲ್ಲಿ, ಕೆಳಗೆ, ಸಾಮಾನಿನ ಜೊತೆ ಬಂದರು. ಹಗ್ಗ ನನ್ನ ತೊಡೆಯ ಮೇಲೆ ಕೂತು ಬಂತು.