ದಪ್ಪ ಕಾಗದ, ತೆಳು ರಟ್ಟು

ನಮ್ಮ ಮಹಡಿಯ ಕೋಣೆಗೆ ಬಾಡಿಗೆಗೆ ಬಂದವರನ್ನು ನಾನು ಬಹಳ ದಿನ ರಾಯಭಾರ ಕಚೇರಿಯ ದೊಡ್ಡ ಮನುಷ್ಯರೆಂದೇ ತಿಳಿದಿದ್ದೆ. ಕೆಲಸವೇನೆಂದು ಕೇಳಿದ್ದಕ್ಕೆ, "ಎರಡು ದೇಶದ ಕಾಗದ ನೋಡ್ಕೋತೀನಿ," ಎಂದಿದ್ದರು. ದೇಶದೇಶಗಳು ಬರೆದುಕೊಳ್ಳುವ ಕಾಗದಗಳೆಲ್ಲ ಇವರ ಕೈ ದಾಟಿಯೇ ಹೋಗುತ್ತವೆಂದು ಬಗೆದು, ಅವರು ಮೆಟ್ಟಿಲಿಳಿಯುವಾಗ ನಾನು ಎದ್ದು ನಿಲ್ಲುತ್ತಿದ್ದೆ. ಯುದ್ಧವೇನಾದರೂ ಆಗುವುದಿದ್ದರೆ ನನಗೆ ಮೊದಲೇ ತಿಳಿಯುತ್ತದೆಂಬ ಧೈರ್ಯವೂ ಇತ್ತು.

ಕಡೆಗೆ ನನ್ನ ಹೆಂಡತಿಯೇ ಗುಟ್ಟು ರಟ್ಟು ಮಾಡಿದಳು. "ಬರೆದ ಕಾಗದ ಅಲ್ಲಾರೀ, ಬರೀ ಕಾಗದ. ಮತ್ತೆ ರಟ್ಟು. ಯಾವ ದೇಶ ಎಷ್ಟು ಮಾರಿತು, ಎಷ್ಟು ಕೊಂಡಿತು ಅಂತ ವರ್ಷ ವರ್ಷದ್ದೂ ಹೋಲಿಸಿ ಬರೀತಾರಂತೆ. ಆಫೀಸಲ್ಲಿ ರಟ್ಟಣ್ಣ ಅಂತಾರಂತೆ, ಪಾಪ."

ಅಂದಿನಿಂದ ನಾನು ಕುಳಿತಲ್ಲಿಂದಲೇ ನಮಸ್ಕಾರ ಮಾಡತೊಡಗಿದೆ.

ರಟ್ಟಣ್ಣನ ಹೆಂಡತಿ ದೂರದ ಊರಿನ ಶಾಲೆಯಲ್ಲಿ ಟೀಚರು. ಗಂಡಹೆಂಡತಿ ಒಂದೇ ಸೂರಿನಡಿ ಇದ್ದದ್ದು ರಜೆಯಲ್ಲಿ ಮಾತ್ರ. ಆ ಊರಿಗೆ ವರ್ಗ ಕೊಡಿ ಎಂದು ಇವರು ಕೇಳುತ್ತಲೇ ಇದ್ದರು. ಈ ಹೋಲಿಕೆಯೊಂದು ಮುಗಿಸಿ ಹೋಗಿ ಎಂದು ಸಾಹೇಬರು ಹೇಳುತ್ತಲೇ ಇದ್ದರು.

ಈ ಸಲ ಮುಗಿದೇಬಿಟ್ಟಿತು. ವರ್ಗಕ್ಕೆ ಸಾಹೇಬರ ಸಹಿಯೊಂದೇ ಬಾಕಿ. ನಕ್ಷೆಯಲ್ಲಿ ನಮ್ಮ ದೇಶದ ರಟ್ಟಿನ ಗೆರೆ ಒಂದು ವರ್ಷ ದಿಢೀರನೆ ಎದ್ದು ಇನ್ನೊಂದು ದೇಶವನ್ನು ಹಿಂದೆ ಹಾಕಿತ್ತು. ಸಾಹೇಬರಂತೂ ಅದನ್ನು ತಾವೇ ಹೆಗಲು ಕೊಟ್ಟು ಎತ್ತಿದವರಂತೆ ಓಡಾಡುತ್ತಿದ್ದರು.

ಭಾನುವಾರ ನನ್ನ ಜೊತೆ ಪಾತ್ರೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ ರಟ್ಟಣ್ಣ, ನಡುವೆ ಇಡುವ ತೆಳು ರಟ್ಟನ್ನು ಬೆರಳಲ್ಲಿ ಬಗ್ಗಿಸಿ ನೋಡಿ ಹಾಗೇ ಕುಳಿತುಬಿಟ್ಟರು. ದಪ್ಪ ಕಾಗದ ಎಲ್ಲಿ ಮುಗಿದು ತೆಳು ರಟ್ಟು ಎಲ್ಲಿ ಶುರುವಾಗುತ್ತದೆ ಎನ್ನುವುದಕ್ಕೆ ಒಂದೊಂದು ದೇಶದ್ದು ಒಂದೊಂದು ಲೆಕ್ಕ. ಆ ವರ್ಷ ನಮ್ಮವರು ದಪ್ಪ ಕಾಗದವನ್ನೂ ರಟ್ಟಿನ ಸಾಲಿಗೆ ದೂಡಿದ್ದರು. ರಟ್ಟು ಬೆಳೆದಿರಲಿಲ್ಲ, ಕಾಗದ ಹೆಸರು ಬದಲಿಸಿಕೊಂಡಿತ್ತು. ಗೆರೆ ಎಳೆಯುವಾಗ ಇವರು ಅದನ್ನು ಮರೆತೇಬಿಟ್ಟಿದ್ದರಂತೆ, ನನಗೆ ಬಿಡಿಸಿ ಹೇಳಿದರು.

"ಬಾಯಿ ಮುಚ್ಕೊಂಡು ಹೊರಟುಬಿಡಿ. ಯಾರಿಗೆ ಗೊತ್ತಾಗುತ್ತೆ?" ಎಂದೆ.

"ನನ್ನ ಕುರ್ಚಿಗೆ ಬರೋನಿಗೆ ಗೊತ್ತಾಗುತ್ತೆ. ಆಮೇಲೆ ನನ್ನ ವಾಪಸ್ ಕರೆಸ್ತಾರೆ. ಅವಳ ಹತ್ರ ಹೋಗಿ ಮತ್ತೆ ಬರೋ ಶಕ್ತಿ ನನಗಿಲ್ಲ."

ಸೋಮವಾರ ಹೋಗಿ ಹೇಳಿದರು. ಸಾಹೇಬರು ಬೈಯಲಿಲ್ಲ. "ಮೊದಲಿಂದ ತಿದ್ದಿಬಿಡಿ, ವರ್ಗದ್ದು ಆಮೇಲೆ ನೋಡೋಣ," ಎಂದರಂತೆ. ಕಚೇರಿಯ ಭಾಷೆಯಲ್ಲಿ ‘ನೋಡೋಣ’ ಎಂದರೆ ಯಾರೂ ನೋಡುವುದಿಲ್ಲ ಎಂದು ಮರ್ಯಾದೆಯಾಗಿ ಹೇಳುವುದು.

ಆ ಸಂಜೆ ಮೆಟ್ಟಿಲ ಮೇಲೆ ಕುಳಿತು ಹೆಂಡತಿಗೆ ಫೋನು ಮಾಡಿದರು. "ಇಲ್ಲ ಕಣೇ, ಈಗ ಆಗಲ್ಲ... ಇಲ್ಲ, ಯಾರ ಜೊತೆಗೂ ಜಗಳ ಆಡಿಲ್ಲ... ರಟ್ಟು... ಅಯ್ಯೋ, ರಟ್ಟು ಕಣೇ, ರಟ್ಟು." ಫೋನಿಟ್ಟು ಎರಡೂ ಕೈಯಲ್ಲಿ ಮುಖ ಉಜ್ಜಿಕೊಂಡರು.

ಸಮಾಧಾನದ ಮಾತು ಹುಡುಕಿದೆ, ಸಿಗಲಿಲ್ಲ, ಸಿಕ್ಕಿದ್ದನ್ನೇ ಕೇಳಿದೆ. "ಅದಿರಲಿ ಸಾರ್, ಎಲ್ಲ ಸರಿಯಾಗಿ ಲೆಕ್ಕ ಹಾಕಿದ್ರೆ ಕಡೆಗೆ ಗೆಲ್ಲೋದು ಯಾವ ದೇಶ?"

"ಯಾವುದಾದ್ರೂ ಗೆಲ್ಲಲಿ ಸ್ವಾಮಿ," ಎಂದರು. "ನನಗೆ ನನ್ನ ಹೆಂಡ್ತಿ ಜೊತೆ ಇದ್ರೆ ಸಾಕು."