ಗ್ರೇಸ್ ಅಂದ ‘ಎಲ್ಲಾ’

ಮರಳವಾಡಿ, ಭಾನುವಾರ. ಕೀನ್ಯಾದಿಂದ ಬೆಂಗಳೂರಿಗೆ ಓದಲು ಬಂದಿರುವ ಸಹಪಾಠಿ ಗ್ರೇಸ್‌ಗೆ ರೇಷ್ಮೆ ಹುಳು ತೋರಿಸಲು, ಅವನ್ನು ಸಾಕುವ ಪರಿಚಯದ ಜಯಕ್ಕನ ಮನೆಗೆ ಕರೆತಂದಿದ್ದೆ. ಹುಳು ಸಾಕುವ ತಟ್ಟೆಗಳನ್ನೆಲ್ಲ ಸುತ್ತಿ ಬಂದ ಗ್ರೇಸ್, ಬಾಗಿಲ ಬಳಿಯ ತಟ್ಟೆಯಿಂದ ಒಂದು ಹುಳು ಎತ್ತಿ ಅಂಗೈಯಲ್ಲಿಟ್ಟುಕೊಂಡಳು. ಅದು ಹೊರಳಾಡಿ, ಹಸಿರು ರಸ ಕಕ್ಕಿ, ಸೆಟೆದುಕೊಂಡಿತು.

ಜಯಕ್ಕ ಅವಳ ಕೈ ಮೂಸಿದಳು. “ಸೊಳ್ಳೆ ಮುಲಾಮು! ಹುಳಕ್ಕೆ ಇಸ ಕಣವ್ವ ಇದು! ಬ್ಯಾರೆ ತಟ್ಟೆನೂ ಮುಟ್ಬುಟ್ಯಾ?”

“ಎಲ್ಲಾ ಆಂಟಿ, ಎಲ್ಲಾ!”

ಜಯಕ್ಕ ಮೂಲೆಯವರೆಗೂ ತಟ್ಟೆಗಳನ್ನು ಕಣ್ಣಲ್ಲೇ ಎಣಿಸಿದಳು. ಇನ್ನೆರಡು ದಿನಕ್ಕೆ ಗೂಡು ಕಟ್ಟಬೇಕಿದ್ದ ಬೆಳೆ.

“ಇಲ್ಲ ಅನ್ನೋಕೆ ಎಲ್ಲಾ ಅಂತಾಳೆ ಜಯಕ್ಕ. ಬಸ್ಸಲ್ಲೂ ಕಂಡಕ್ಟರ್‌ಗೆ ಹಿಂಗೇ ಅಂದ್ಲು,” ಎಂದೆ. ನಿಜಕ್ಕೂ ಅಂದಿದ್ದಳೋ, ಆ ಗಳಿಗೆಗೆ ನಾನೇ ಹುಟ್ಟಿಸಿದೆನೋ, ವಾಪಸು ಬರುವ ಬಸ್ಸಿನಲ್ಲಿ ಇದನ್ನು ಬರೆಯುವಾಗ ಖಾತ್ರಿಯಿಲ್ಲ.

“ಇಲ್ಲ ಅಂದ್ಲೋ ಎಲ್ಲಾ ಅಂದ್ಲೋ, ಹುಳಾನೇ ಹೇಳ್ಲಿ ಬುಡು,” ಎಂದು ಜಯಕ್ಕ ತಟ್ಟೆಗಳಿಗೆಲ್ಲ ಹೊಸ ಹಿಪ್ಪುನೇರಳೆ ಸೊಪ್ಪು ಹರಡಿದಳು. ಮೂವರೂ ಕಿವಿಗೊಟ್ಟು ಬಾಗಿದೆವು.

ಬಾಗಿಲ ಬಳಿ ಚರಚರ ಮೇಯುವ ಸದ್ದು ಎದ್ದಿತು. ನಡುವಿನ ತಟ್ಟೆಯಲ್ಲೂ ಎದ್ದಿತು.

ಮೂಲೆಯ ತಟ್ಟೆಯಲ್ಲಿ ಸೊಪ್ಪು ಅಲುಗಲಿಲ್ಲ; ಅಂಚಿನಲ್ಲಿ ಅದೇ ಹಸಿರು ರಸ.